ಹಗೇವಿನ ಬಾಯಿ

ಕುಷ್ಟಗಿಯ ತಾಲ್ಲೂಕು ಪಂಚಾಯ್ತಿ ಸಭಾಂಗಣದಲ್ಲಿ
ಎರಡು ಫ್ಯಾನು ತಿರುಗುತ್ತವೆ, ಮೂರನೆಯದು ನಡುಗುತ್ತದೆ.
ನಾನು ಸಂಪನ್ಮೂಲ ವ್ಯಕ್ತಿ. ಹಾಗಂತ ಬ್ಯಾಡ್ಜಿನ ಮೇಲಿದೆ.
ಪರದೆಯ ಮೇಲೆ ಕುದುರೆ, ಕುದುರೆಯ ಮೇಲೆ ಯಾರೋ ರಾಣಿ,
ಕೈಯಲ್ಲಿ ನೆತ್ತರಂಟದ ಕತ್ತಿ,
ಕೆಳಗೆ ದಪ್ಪಕ್ಷರ: ನಾಯಕತ್ವದ ಏಳು ಗುಣ.
ಧೈರ್ಯ. ದೂರದೃಷ್ಟಿ.
ಮೂರನೆಯದಕ್ಕೆ ಬರುವಷ್ಟರಲ್ಲಿ
ಕರೆಂಟು ಹೋಯಿತು.

ಒಳಗೆ ಮೂವತ್ತಾರು ಮಂದಿ ಅಧ್ಯಕ್ಷೆಯರು.
ಹೊರಗೆ ಬೇವಿನ ನೆರಳಿಗೆ ಬೈಕು ನಿಲ್ಲಿಸಿಕೊಂಡು
ಅವರ ಗಂಡಂದಿರು, ಕೆಲವರಿಗೆ ಮೈದುನರು,
ಅಂಗಿಯ ಕಿಸೆಯಲ್ಲಿ ಅವರವರ ಮನೆಯಾಕೆಯ ಸಹಿ:
ಬೆರಳುದ್ದದ ಡೋಂಗಲ್ಲು.

ಹಿಂದಿನ ಸಾಲಿನಿಂದ ಮುದಗೋನಾಳದ ಗ್ಯಾನವ್ವ:
"ಮೇಡಂ, ಆಕಿ ಕುದುರಿಗೆ ಹುಲ್ಲು ಹಾಕಾವ್ರು ಯಾರ್ರಿ?"
ಎಲ್ಲರೂ ನಕ್ಕರು. ನಾನೂ.
ಆಕೆ ನಗಲಿಲ್ಲ.

"ನಮ್ಮೂರ ಅಗಸಿ ಬಾಜೂಕ ಒಂದು ಕಲ್ಲೈತ್ರಿ.
ಹೆಣ್ಣುಮಗಳು. ಕತ್ತಿ ಇಲ್ಲ, ಕುದುರಿ ಇಲ್ಲ,
ಕುಂತಾಳ, ಅಷ್ಟ.
ಮಂದಿ ಆಕಿ ಮಣಕಾಲಿಗೆ ಕುಡಗೋಲು ಮಸೀತಾರ.
ಹೆಸರು ಯಾರಿಗೂ ಗೊತ್ತಿಲ್ಲ. ಹಗೇವವ್ವ ಅಂತೀವಿ.

ಯಾವುದೋ ಕಾಲಕ್ಕ ದಂಡು ಬಂತಂತ,
ಯಾರ ದಂಡೋ, ದಂಡಿಗೇನು ಹೆಸರು.
ಊರ ಹಗೇವಿನ ಜ್ವಾಳ ರಾತ್ರೋರಾತ್ರಿ
ವಾಡೇಕ ಸಾಗಸ್ರಿ ಅಂದ್ನಂತ ಗೌಡ.
ಈಕಿ ಹೋಗಿ ಹಗೇವಿನ ಬಾಯಿ ಮ್ಯಾಲಿನ ಬಂಡಿಮ್ಯಾಲ ಕುಂತ್ಲು.
ಬೈದ್ರು, ಕುಂತ್ಲು. ಕೈ ಮುಗದ್ರು, ಕುಂತ್ಲು.

ದಿನಾ ಮುಂಜಾನಿ ಒಮ್ಮಿ ಎದ್ದು ಬಂಡಿ ಸರಿಸಿ
ಹಗ್ಗಕ್ಕ ಕಟ್ಟಿ ದೀಪ ಇಳಸಾಕಿ.
ದೀಪ ಆರಿದ್ರ ಒಳಗ ಕೆಟ್ಟ ಗಾಳಿ, ತಡೀಬೇಕು.
ಉರದ್ರ ಮೊದಲು ತಾನ ಇಳಿಯಾಕಿ.
ಗೌಡರ ಮನಿಗೆ ತಲಿಗೊಂದು ಸೇರು,
ಕೇರಿಗೂ ತಲಿಗೊಂದು ಸೇರು,
ಸಾಲಿನ ಬಾಲಕ್ಕ ತಂದು.

ಒಂದಿನ ಲೆಕ್ಕ ತಪ್ಪಿತ್ತಂತ್ರಿ.
ಬಾಣಂತಿ ಮನಿಗೆ ಕಾಳು ಬರಲಿಲ್ಲ.
ಮರದಿನ ಎಲ್ಲಾರ ಮುಂದ ಅಂದ್ಲಂತ:
ತಪ್ಪು ನಂದು, ಸೇರಿಂದಲ್ಲ.
ಕುಂತಿದ್ದು ದೊಡ್ಡದಲ್ಲ ಯವ್ವಾ, ಇದು ದೊಡ್ಡದು
ಅಂತಿದ್ಲು ನಮ್ಮ ಆಯಿ.
ದಂಡು ಹ್ವಾದ ದಿನ ಸೇರು ನೆಲಕ್ಕ ಬಡದು
ಖಣ್ಣಂತು ಅಂತಾರ. ಖರೇನೋ ಸುಳ್ಳೋ,
ನಾ ಏನು ಕಂಡೇನ್ರಿ."

ಕರೆಂಟು ಬಂತು. ಕುದುರೆ ಇನ್ನೂ
ಮುಂಗಾಲೆತ್ತಿಕೊಂಡೇ ಇತ್ತು.
ನಾನು ಗುಂಡಿ ಒತ್ತಿದೆ.
ಮೂರನೆಯ ಗುಣ: ಪರಿಣಾಮಕಾರಿ ಸಂವಹನ.
ಯಾರೂ ಬರೆದುಕೊಳ್ಳಲಿಲ್ಲ.
ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ.

ಕಿಟಕಿಯಲ್ಲಿ ಕಂಡದ್ದು, ಮಾತು ಕೇಳಿಸಲಿಲ್ಲ:
ಬೇವಿನ ಕೆಳಗೆ ಅಂಗೈ ಚಾಚಿ ನಿಂತ ಗ್ಯಾನವ್ವ.
ಆತ ನಕ್ಕು ಅತ್ತಿತ್ತ ನೋಡಿದ.
ಆತನ ಕೈ ಕಿಸೆಯವರೆಗೆ ಹೋಗಿ
ಎಲೆಯಡಿಕೆ ಚೀಲ ತೆಗೆಯಿತು.
ಆಕೆ ಕೂಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ
ಬೈಕಿನ ಮುಂದಿನ ಗಾಲಿಯೆದುರು
ನೆಲದ ಮೇಲೆ
ಕುಂತಳು, ಅಷ್ಟೇ.

ಬಾಗಲಕೋಟೆ ರಸ್ತೆಯ ಲಾರಿಗಳ ಧೂಳು ಬಂದು ಬಂದು
ಆಕೆಯ ತಲೆಯ ಮೇಲೆ ಕೂತಿತು.
ನನ್ನ ಎಟಿಎಂ ಕಾರ್ಡು ಯಾರ ಕಿಸೆಯಲ್ಲಿದೆಯೆಂದು
ಅಂದು ನನ್ನನ್ನು ಯಾರೂ ಕೇಳಲಿಲ್ಲ.

ಊಟದ ಹೊತ್ತಿಗೆ ಒಬ್ಬಾಕೆ ತಟ್ಟೆ ಒಯ್ದಳು ಹೊರಗೆ,
ಅನ್ನ, ಬದನೆಕಾಯಿ, ಒಂದು ಹಪ್ಪಳ.
ಗ್ಯಾನವ್ವ ಅದನ್ನು ಕೂತಲ್ಲಿಂದಲೇ
ಬೈಕಿನ ಮೇಲಿದ್ದವನಿಗೆ ಎತ್ತಿ ಕೊಟ್ಟಳು.
ತಲೆಗೊಂದು ಸೇರು, ಆತನಿಗೂ.

ನೆರಳು ಸರಿಯಿತು.
ಆಕೆ ಸರಿಯಲಿಲ್ಲ.